ರಾಕ್ಷಸರ ಪಟ್ಟಿ

ರಾಕ್ಷಸ ಅಂದ್ರೆ ಯಾರು ಅಂತ ನಮ್ಮ ಹಟ್ಟಿಯ ಮಕ್ಕಳನ್ನು ಕೇಳಿದರೆ ಬಯಲಾಟದ ವೇಷವನ್ನು ತೋರಿಸುತ್ತಾರೆ. ಕೋರೆಹಲ್ಲು, ಕೆಂಡದಂಥ ಕಣ್ಣು, ಅಟ್ಟ ಮುರಿಯುವ ಹಾಗೆ ಕುಣಿತ. ನಾವು ಕಂಡ ಆಟಗಳಲ್ಲಿ ಆ ವೇಷ ಕಟ್ಟುತ್ತಿದ್ದವರು ನಮ್ಮವರೇ. ದೇವೇಂದ್ರನ ಕಿರೀಟ ಮಾತ್ರ ಬೇರೆ ಬೀದಿಯ ತಲೆಗೆ ಹೋಗುತ್ತಿತ್ತು. ಇದರಲ್ಲಿ ಹೊಸದೇನೂ ಇಲ್ಲ. ನಮಗೆ ಹೊಸದಾಗಿ ಕಂಡದ್ದು, ಇದೇ ರಾಕ್ಷಸ ಸಮುದ್ರ ದಾಟಿ ಹೋಗಿ ಅಮೆರಿಕದ ಹುಡುಗರ ಆಟದ ಪುಸ್ತಕವೊಂದರಲ್ಲಿ ಅಕ್ಷರದ ಸರದಿಯಂತೆ ಕೂತಿದ್ದದ್ದು. 1977ರ ಆ ಪುಸ್ತಕದಲ್ಲಿ ಅವನಿಗೆ ಹುಲಿಯ ಮುಖ, ಮೈಮೇಲೆ ಸಾಹೇಬರು ಮನೆಯಲ್ಲಿ ತೊಡುವಂಥ ಕೋಟು, ಹೊಗೆ ಸೇದುವ ಪೈಪು. ಇವನು ಮೊದಲು ಗೊತ್ತಾದದ್ದು ಇಂಡಿಯಾದಲ್ಲಿ, ಈಗ ಹರಡುತ್ತಿದ್ದಾನೆ ಎಂಬರ್ಥದ ಒಂದು ಮಾತು, ಪ್ಲೇಗಿನ ವರದಿ ಬರೆದ ಹಾಗೆ. ಸಿಕ್ಕವರ ಮನಸ್ಸನ್ನು ಓದಿ, ಅವರ ಆಪ್ತರ ರೂಪ ತಾಳಿ, ಹತ್ತಿರ ಬಂದು ತಿನ್ನುತ್ತಾನಂತೆ. ಪುರೋಹಿತ ಮಂತ್ರಿಸಿ ಕೊಟ್ಟ ಬಾಣ ತಾಗಿದರೆ ಅಲ್ಲೇ ಸಾಯುತ್ತಾನಂತೆ. ನಾವು ನಕ್ಕೆವು. ಪುರೋಹಿತನ ಬಾಣ ಅಲ್ಲಿಗೂ ಹೋಯಿತಲ್ಲ ಅಂತ ನಕ್ಕೆವು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂದದ್ದು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆ, ಬೆಲೆ ಹತ್ತು ಡಾಲರ್, ಮೊದಲ ಸಲ ಅಚ್ಚಾದದ್ದು ಸಾವಿರ ಪ್ರತಿ. ಗೈಗ್ಯಾಕ್ಸ್ ವಿಮಾ ಕಂಪೆನಿಯ ಕೆಲಸ ಕಳೆದುಕೊಂಡು ಹೊಟ್ಟೆಪಾಡಿಗೆ ಮನೆಯಲ್ಲೇ ಬೂಟು ರಿಪೇರಿ ಮಾಡುತ್ತಿದ್ದವನು. ಈ ಸಂಗತಿ ಓದಿದಾಗ ನಮಗೆ ಅವನ ಮೇಲೆ ಒಂದು ಬಗೆಯ ನೆಂಟಸ್ತಿಕೆ ಹುಟ್ಟಿದ್ದು ನಿಜ. ಆದರೆ ಅವನಿಗೆ ಅದು ನಾಲ್ಕು ದಿನದ ಕೆಲಸ. ಅವನ ಮಗನನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ಅದೇ ಕೆಲಸ ನಮ್ಮಲ್ಲಿ ಹುಟ್ಟಿಗೆ ಅಂಟಿಕೊಳ್ಳುತ್ತದೆ. ಹುಟ್ಟಿಗೆ ಗುಣವನ್ನು ಅಂಟಿಸುವ ಪುಸ್ತಕ ಬರೆಯಲು ಹೊರಟವನು ಬೂಟು ಹೊಲೆದವನು ಅನ್ನೋದು ಚರಿತ್ರೆಯ ತಮಾಷೆ.

ಆಟ ಹೀಗೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ನಮ್ಮ ಭಾಗವತನ ಹಾಗೆ ಕತೆ ನಡೆಸುತ್ತಾನೆ. ಉಳಿದವರದ್ದು ಒಂದೊಂದು ಪಾತ್ರ. ಬಾಗಿಲು ತೆಗೆದೆ, ಒಳಗೆ ಕತ್ತಲು, ಏನೋ ಉಸಿರಾಡ್ತಿದೆ, ಏನ್ಮಾಡ್ತೀಯ? ಅಂತ ಅವನು ಕೇಳ್ತಾನೆ. ನೀವು ಹೇಳ್ತೀರಿ. ಆಗುತ್ತೋ ಇಲ್ಲವೋ ದಾಳ ತೀರ್ಮಾನಿಸುತ್ತೆ. ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳಿವೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಗೆಳೆಯನ ಕೋಣೆಯಲ್ಲಿ ಒಂದು ಶನಿವಾರ ರಾತ್ರಿ, ಹಳೆಯ ನಿಯಮಗಳ ಪ್ರಕಾರ, ನಾವೂ ಆಡಿದೆವು. ಸುಳ್ಳು ಯಾಕೆ, ಖುಷಿಯಾಯಿತು. ಬೆಳಗಿನ ಜಾವದವರೆಗೆ ಆಡಿದೆವು. ಗುಹೆಯಲ್ಲಿ ಎದುರಾದವರನ್ನೆಲ್ಲ ಕೊಂದೆವು, ಅವರ ಗಂಟು ದೋಚಿದೆವು. ಕೊಂದದ್ದಕ್ಕೆ ಅಂಕ; ದೋಚಿದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕ. ಅನುಭವದ ಅಂಕ ಅಂತ ಅದಕ್ಕೆ ಹೆಸರು! ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನಮ್ಮಲ್ಲೊಬ್ಬ ಕೇಳಿದ: "ಅದು ಅವರ ಮನೆ ಅಲ್ವೇನ್ರೋ? ನಾವ್ಯಾಕೆ ಹೋಗಿದ್ವಿ ಅಲ್ಲಿಗೆ?"

ಆ ಪ್ರಶ್ನೆ ಹಿಡಿದುಕೊಂಡು ನಾವು ಆ ಪುಸ್ತಕಗಳನ್ನು ಓದತೊಡಗಿದೆವು. ಉತ್ತರ ಕತೆಯಲ್ಲಿ ಇರಲಿಲ್ಲ, ಪಟ್ಟಿಯಲ್ಲಿತ್ತು. ಯಾರನ್ನು ಕೇಳದೆ ಕೊಲ್ಲಬಹುದು, ಯಾರನ್ನು ಕೇಳಿ ಮುಂದೆ ಹೋಗಬೇಕು ಅನ್ನೋದನ್ನು ಆಟ ಶುರುವಾಗುವ ಮೊದಲೇ ಪಟ್ಟಿ ತೀರ್ಮಾನಿಸಿಬಿಟ್ಟಿತ್ತು.

1974ರ ಪುಸ್ತಿಕೆಯಲ್ಲಿ ಒಂದು ವಶೀಕರಣ ಮಂತ್ರವಿದೆ. ಹೆಸರು ಚಾರ್ಮ್ ಪರ್ಸನ್, ಅಂದರೆ ವ್ಯಕ್ತಿಯನ್ನು ಮರುಳು ಮಾಡುವ ಮಂತ್ರ. ವ್ಯಕ್ತಿ ಅಂದರೆ ಯಾರು? ಮಂತ್ರಕ್ಕೆ ಎಲ್ಲೋ ಒಂದು ಮಿತಿ ಬೇಕಲ್ಲ, ಆದ್ದರಿಂದ ಬರೆದವರು ಹೇಳಲೇಬೇಕಾಯಿತು. ಎರಡು ಕಾಲಿರಬೇಕು, ಹೆಚ್ಚುಕಮ್ಮಿ ಸಸ್ತನಿಯಾಗಿರಬೇಕು, ಮನುಷ್ಯನಷ್ಟೋ ಅದಕ್ಕಿಂತ ಕಡಿಮೆಯೋ ಎತ್ತರವಿರಬೇಕು, ಸತ್ತು ಎದ್ದು ಬಂದ ಪ್ರೇತವಾಗಿರಬಾರದು. ಹಾಗಂತ ಹೇಳಿ ಕೋಬಾಲ್ಡ್, ಗಾಬ್ಲಿನ್, ಆರ್ಕ್, ಹಾಬ್‌ಗಾಬ್ಲಿನ್, ನೋಲ್ ಎಂಬ ಹೆಸರುಗಳನ್ನೂ ಸೇರಿಸಿದರು. ಇವೆಲ್ಲ ಗುಹೆಗಳಲ್ಲಿ ಕೊಲ್ಲಲೆಂದೇ ಇಟ್ಟ ಜೀವಿಗಳು. 1978ರ ಆಟಗಾರರ ಕೈಪಿಡಿಯಲ್ಲಿ ಪಟ್ಟಿ ಇನ್ನೂ ಬೆಳೆಯಿತು. ಮನುಷ್ಯ, ಎಲ್ಫ್, ಡ್ವಾರ್ಫ್‌ಗಳ ಪಕ್ಕದಲ್ಲೇ ಆರ್ಕ್, ಹಲ್ಲಿಮನುಷ್ಯ, ಟ್ರಾಗ್ಲೊಡೈಟ್ ಎಲ್ಲ ಬಂದು ಕೂತರು. ಸಹಪಂಕ್ತಿ ಭೋಜನ! ಆದರೆ ಯಾತಕ್ಕೆ? ಮರುಳಾಗುವುದಕ್ಕೆ. ಓಟಿನ ಹಿಂದಿನ ದಿನ ನಾವೂ ಹೀಗೇ ವ್ಯಕ್ತಿಗಳಾಗುತ್ತೇವೆ. ಆ ಒಂದು ದಿನ ನಮ್ಮ ಹೆಸರು ಎಲ್ಲರಿಗೂ ನೆನಪಿರುತ್ತೆ.

ಅದೇ ಕೈಪಿಡಿಯಲ್ಲಿ ರೇಂಜರ್ ಎಂಬ ಕಾಡು ಬಲ್ಲ ಯೋಧನಿದ್ದಾನೆ. ದೈತ್ಯ ವರ್ಗದವರನ್ನು ಹೊಡೆದರೆ ಅವನ ಏಟಿಗೆ ಹೆಚ್ಚು ಬಲ ಬರುತ್ತದೆ. ಅವನು ಮೆಟ್ಟಿಲು ಏರಿದಷ್ಟೂ ಏಟು ಏರುತ್ತದೆ. ದೈತ್ಯರು ಯಾರು ಅಂತ ನೋಡಿದರೆ ನಿಜವಾದ ದೈತ್ಯರ ಜೊತೆಗೆ ಆರ್ಕ್, ಗಾಬ್ಲಿನ್, ನೋಲ್, ಕಡೆಗೆ ಕೋಬಾಲ್ಡ್ ಕೂಡ! ಕೋಬಾಲ್ಡ್ ಎತ್ತರ ಮೂರಡಿ. ನಮ್ಮ ಅಂಗನವಾಡಿ ಮಗುವಿನಷ್ಟು. ಮೂರಡಿಯ ಜೀವಿ ದೈತ್ಯನಾದದ್ದು ಹೇಗೆ? ಹೊಡೆಯುವವನ ಅನುಕೂಲದಿಂದ. ಅಲ್ಲಿಗೆ ಒಂದೇ ಗಾಬ್ಲಿನ್ ಮಂತ್ರದ ಮುಂದೆ ವ್ಯಕ್ತಿ, ಕತ್ತಿಯ ಮುಂದೆ ದೈತ್ಯ. ಈ ವರ್ಗೀಕರಣಗಳು ಜೀವಿ ಹೇಗಿದೆ ಎಂದು ಹೇಳುವುದಿಲ್ಲ, ಅದಕ್ಕೆ ಏನು ಮಾಡಬಹುದು ಎಂದು ಹೇಳುತ್ತವೆ. ಪಟ್ಟಿಯ ಗುಟ್ಟು ಇಷ್ಟೇ.

ಗುಣದ ವಿಚಾರಕ್ಕೆ ಬರೋಣ. 1974ರಲ್ಲಿ ಮೂರು ಸಾಲುಗಳಿದ್ದವು: ವ್ಯವಸ್ಥೆ, ತಟಸ್ಥ, ಅರಾಜಕ. ಪೌಲ್ ಆಂಡರ್ಸನ್, ಮೈಕಲ್ ಮೂರ್‌ಕಾಕ್ ಎಂಬ ಕಾದಂಬರಿಕಾರರಿಂದ ತೆಗೆದುಕೊಂಡ ಕಲ್ಪನೆ. ವ್ಯವಸ್ಥೆ ಎಂದರೆ ಒಳ್ಳೆಯದು ಅಂತ ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ವ್ಯವಸ್ಥೆಯ ಕೆಳಗೆ ಮಲಗಿದವರನ್ನು ಅವರು ಕೇಳಿರಲಿಲ್ಲ. ಮನುಷ್ಯ ಮೂರೂ ಸಾಲಿನಲ್ಲಿದ್ದಾನೆ, ಅವನಿಗೆ ಆಯ್ಕೆಯಿದೆ. ಆರ್ಕ್ ತಟಸ್ಥ ಮತ್ತು ಅರಾಜಕ ಸಾಲುಗಳಲ್ಲಿ ಮಾತ್ರ. ಆಮೇಲೆ ಒಳ್ಳೆಯದು, ಕೆಟ್ಟದ್ದು ಸೇರಿ ಮೂರು ಒಂಬತ್ತಾಯಿತು. 1977ರ ಮಾನ್‌ಸ್ಟರ್ ಮ್ಯಾನುಯಲ್ ಎಂಬ ರಾಕ್ಷಸಕೋಶದಲ್ಲಿ ಆರ್ಕ್‌ಗೆ ಹಂದಿಯ ಮೂತಿ ಬಂತು, ಗುಣ 'ವ್ಯವಸ್ಥಿತ ದುಷ್ಟ' ಆಯಿತು. 2000ದ ಮೂರನೆಯ ಆವೃತ್ತಿಯಲ್ಲಿ ಅದೇ ಆರ್ಕ್ 'ಅರಾಜಕ ದುಷ್ಟ'. ಸ್ವಭಾವ ರಕ್ತದಲ್ಲೇ ಇದ್ದರೆ ಅಚ್ಚಿನ ಮನೆಯಲ್ಲಿ ಅದು ಬದಲಾದದ್ದು ಹೇಗೆ ಸ್ವಾಮಿ?

ಇನ್ನು ಏಣಿಯ ಮಾತು. ಆಟದಲ್ಲಿ ಪಾತ್ರಗಳು ಅಂಕ ಗಳಿಸಿ ಮೆಟ್ಟಿಲು ಏರುತ್ತವೆ. ಮನುಷ್ಯನಿಗೆ ಏಣಿಗೆ ತುದಿಯಿಲ್ಲ. 1974ರಲ್ಲಿ ಡ್ವಾರ್ಫ್ ಆರನೆಯ ಮೆಟ್ಟಿಲಿಗೆ ನಿಲ್ಲಬೇಕು, ಹಾಬಿಟ್ ನಾಲ್ಕನೆಯದಕ್ಕೆ. ಇವರು ಒಳ್ಳೆಯವರು, ಮನುಷ್ಯರ ಸ್ನೇಹಿತರು, ಅರೆಮಾನವರು ಅಂತ ಇವರಿಗೆ ಹೆಸರು. ಆದರೂ ಅಷ್ಟೇ. ಎಷ್ಟು ಓದಿದರೂ ಜವಾನನಾಗು ಅಂದ ಹಾಗೆ. 1978ರ ಕೈಪಿಡಿಯಲ್ಲಿ ಯಾವ ಜನಾಂಗಕ್ಕೆ ಯಾವ ಜನಾಂಗದ ಮೇಲೆ ಎಂಥ ಭಾವನೆ ಎಂಬ ಒಂದು ಕೋಷ್ಟಕವೇ ಇದೆ. ಒಲವು, ಸ್ನೇಹ, ಸಹನೆ, ತಟಸ್ಥ, ಅಸಮಾಧಾನ, ದ್ವೇಷ, ಒಂದೊಂದಕ್ಕೂ ಒಂದೊಂದು ಅಕ್ಷರ. ಡ್ವಾರ್ಫ್‌ಗೂ ಅರೆ-ಆರ್ಕ್‌ಗೂ ದ್ವೇಷ ಅಂತ ಅಚ್ಚು ಹಾಕಿಟ್ಟಿದೆ. ನಮ್ಮ ಹೋಟೆಲುಗಳಲ್ಲಿ ಇಂಥ ಕೋಷ್ಟಕವನ್ನು ಗೋಡೆಗೆ ಹಾಕಿರಲಿಲ್ಲ, ಎರಡು ಬಗೆಯ ಲೋಟ ಇಟ್ಟಿದ್ದರು. ಅದೇ ಕೈಪಿಡಿ ಹೆಂಗಸಿನ ಪಾತ್ರದ ತೋಳ್ಬಲಕ್ಕೂ ಗಂಡಸಿಗಿಂತ ಕೆಳಗಿನ ಮಿತಿ ಹಾಕಿತ್ತು ಅನ್ನೋದನ್ನು ನಮ್ಮ ಅಕ್ಕಂದಿರು ಗಮನಿಸಬೇಕು.

ಒಂದು ಸಂಗತಿಯನ್ನು ನ್ಯಾಯವಾಗಿ ಹೇಳಬೇಕು. 1974ರ ಪುಸ್ತಿಕೆ ಬೇಕಾದರೆ ಯಾವ ಜೀವಿಯಾದರೂ ಆಗಿ ಆಡಿ, ಡ್ರಾಗನ್ ಕೂಡ ಆಗಬಹುದು, ಮರಿಯಿಂದ ಶುರು ಮಾಡಿದರಾಯಿತು ಎಂದು ಬಾಗಿಲು ತೆರೆದಿಟ್ಟಿತ್ತು. 1979ರ ಸೂತ್ರಧಾರರ ಕೈಪಿಡಿಯ ಹೊತ್ತಿಗೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. ಇದು ಮನುಷ್ಯ ಕೇಂದ್ರದ ಲೋಕ, ರಾಕ್ಷಸನಾಗಿ ಆಡಬಯಸುವವರಿಗೆ ಪ್ರೋತ್ಸಾಹ ಬೇಡ ಎಂದಿತು. ಸಣ್ಣ ಪುಸ್ತಿಕೆ ದೊಡ್ಡ ಗ್ರಂಥವಾಗುವಾಗ ಹೀಗಾಗುತ್ತದೆ. ಹಾಡು ಶಾಸ್ತ್ರವಾಗುವಾಗಲೂ ಹೀಗೇ ಆದದ್ದು.

ಈ ಪಟ್ಟಿಗಳನ್ನು ಲೇಕ್ ಜಿನೀವಾದ ಹುಡುಗರು ಶೂನ್ಯದಿಂದ ತರಲಿಲ್ಲ. ಅವುಗಳ ಬೇರು ಹುಡುಕಿದರೆ ಅದು ನಮ್ಮ ಹಿತ್ತಿಲಿಗೇ ಬರುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಕ್ಟೀಸಿಯಸ್ ಎಂಬ ಗ್ರೀಕ ಪರ್ಶಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ. ಇಂಡಿಯಾಕ್ಕೆ ಕಾಲಿಡದೆಯೇ ಇಂಡಿಯಾದ ಮೇಲೆ ಪುಸ್ತಕ ಬರೆದ. ಇಲ್ಲಿನ ಬೆಟ್ಟಗಳಲ್ಲಿ ನಾಯಿತಲೆಯ ಮನುಷ್ಯರಿದ್ದಾರೆ, ಅವರ ಸಂಖ್ಯೆ 1,20,000 ಎಂದ. ಜನಗಣತಿ ಮಾಡಿದವನ ಗತ್ತು ನೋಡಿ! ಕ್ರಿಸ್ತಶಕ 77ರ ಸುಮಾರಿಗೆ ರೋಮಿನ ಪ್ಲಿನಿ ಇದನ್ನೆಲ್ಲ ತನ್ನ ಪ್ರಕೃತಿ ಚರಿತ್ರೆಯ ಏಳನೆಯ ಸಂಪುಟದಲ್ಲಿ ಸೇರಿಸಿದ. ಒಂಟಿಗಾಲಿನವರು, ಗಂಗೆಯ ಮೂಲದ ಬಳಿ ಬಾಯಿಯೇ ಇಲ್ಲದೆ ವಾಸನೆ ಕುಡಿದು ಬದುಕುವವರು. ಯುರೋಪಿಗೆ ರಾಕ್ಷಸರು ಬೇಕಾದಾಗಲೆಲ್ಲ ಇಂಡಿಯಾ ಮತ್ತು ಆಫ್ರಿಕ ಒದಗಿಸಿದವು. ಪ್ಲಿನಿಯ ಪುಸ್ತಕದಲ್ಲಿ ಟ್ರಾಗ್ಲೊಡೈಟ್ ಎಂಬ ಗುಹಾವಾಸಿ ಜನರೂ ಇದ್ದಾರೆ, ಕೆಂಪು ಸಮುದ್ರದ ಆಫ್ರಿಕದ ಕಡೆಯವರು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವರಾಶಿಯನ್ನೆಲ್ಲ ವಿಂಗಡಿಸುತ್ತಾ ಮನುಷ್ಯನ ಪಕ್ಕ ಹೋಮೋ ಟ್ರಾಗ್ಲೊಡೈಟಿಸ್ ಎಂಬ ಇನ್ನೊಂದನ್ನು ಇಟ್ಟ. 1977ರ ರಾಕ್ಷಸಕೋಶದಲ್ಲಿ ಟ್ರಾಗ್ಲೊಡೈಟ್ ಎಂದರೆ ದುರ್ವಾಸನೆ ಹೊಡೆಯುವ ಹಲ್ಲಿಯಂಥ ಪ್ರಾಣಿ. ಗುಹೆಯಲ್ಲಿದ್ದ ಮನುಷ್ಯರು ಎರಡು ಸಾವಿರ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಕಡೆಗೆ ಹಲ್ಲಿಯಾಗಿ ಹೊರಬಂದರು. ನಾರುತ್ತಾರೆ ಅನ್ನೋದನ್ನು ಮಾತ್ರ ಯಾಕೆ ಸೇರಿಸಿದರು, ಅದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಲಿನೇಯಸ್ ಮನುಷ್ಯರನ್ನೂ ಬಣ್ಣ ನೋಡಿ ವಿಂಗಡಿಸಿದ. ಯುರೋಪಿನವನು ಕಾಯಿದೆಯಿಂದ ನಡೆಯುತ್ತಾನೆ, ಅಮೆರಿಕದ ಮೂಲನಿವಾಸಿ ರೂಢಿಯಿಂದ, ಏಷ್ಯಾದವನು ಅಭಿಪ್ರಾಯದಿಂದ, ಆಫ್ರಿಕದವನು ಮನಸ್ಸಿಗೆ ಬಂದಂತೆ ಎಂದ. ವ್ಯವಸ್ಥೆ ಮತ್ತು ಅರಾಜಕದ ಸಾಲುಗಳನ್ನು ಪಕ್ಕದಲ್ಲಿಟ್ಟು ಓದಿ. ಅದರ ಕೊನೆಯಲ್ಲಿ ಹೋಮೋ ಮಾನ್‌ಸ್ಟ್ರೊಸಸ್, ಅಂದರೆ ವಿಕಾರ ಮನುಷ್ಯ ಎಂಬ ಗುಂಪನ್ನೂ ಸೇರಿಸಿದ. ಬ್ರಿಟಿಷರು 1871ರ ಕಾಯಿದೆಯಿಂದ ಇಲ್ಲಿನ ಅಲೆಮಾರಿ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದಾಗ ಹಿಂದಿದ್ದದ್ದೂ ಇದೇ ಬುದ್ಧಿ. 1952ರವರೆಗೆ ಅದು ಊರ್ಜಿತದಲ್ಲಿತ್ತು. 1977ರ ರಾಕ್ಷಸಕೋಶದಲ್ಲಿ 'ಮನುಷ್ಯರು' ಎಂಬ ಬಾಬೂ ಇದೆ. ಯಾವ ಮನುಷ್ಯರು? ದರೋಡೆಕೋರ, ಕಡಲ್ಗಳ್ಳ, ಗುಹಾವಾಸಿ, ಅಲೆಮಾರಿ, ದರವೇಶಿ, ಯಾತ್ರಿಕ, ಊರೂರು ತಿರುಗುವ ವ್ಯಾಪಾರಿ. ಊರಲ್ಲಿ ಮನೆ ಇಲ್ಲದವರೆಲ್ಲ ಬಂದುಬಿಟ್ಟರು.

ಆರ್ಕ್ ಬಂದದ್ದು ಟೋಲ್ಕಿನ್‌ನ ಕಾದಂಬರಿಗಳಿಂದ. ಆ ಮುಖ ಹೇಗಿರಬೇಕೆಂದು 1958ರ ಒಂದು ಪತ್ರದಲ್ಲಿ ವಿವರಿಸುವಾಗ ಅವನಿಗೆ ಉಪಮೆಗೆ ಸಿಕ್ಕಿದ್ದು ಮಂಗೋಲರು. ದೊಡ್ಡ ಲೇಖಕ, ಆರ್ಕ್‌ಗಳು ಹುಟ್ಟಿನಿಂದಲೇ ಉದ್ಧಾರವಾಗದವರೇ ಎಂದು ಕೊನೆಯವರೆಗೆ ಚಡಪಡಿಸಿದವನು. ಆ ಚಡಪಡಿಕೆ ಆಟದ ಪುಸ್ತಕಕ್ಕೆ ಬರಲಿಲ್ಲ, ಮುಖ ಮಾತ್ರ ಬಂತು.

ಈಗ ನಮ್ಮ ರಾಕ್ಷಸನಿಗೆ ವಾಪಸು ಬರೋಣ. 1873ರಲ್ಲಿ ಜೋತಿಬಾ ಫುಲೆ 'ಗುಲಾಮಗಿರಿ' ಬರೆದರು. ಪುರಾಣದ ರಾಕ್ಷಸರು ಬೇರೆ ಯಾರೂ ಅಲ್ಲ, ಈ ನೆಲವನ್ನು ಕಾಯುತ್ತಿದ್ದ ಮೂಲ ಜನ. ರಾಕ್ಷಸ ಅಂದರೆ ರಕ್ಷಕ ಎಂದರು. ಭಾಷಾಶಾಸ್ತ್ರದವರು ಇದಕ್ಕೆ ತಲೆ ಅಲ್ಲಾಡಿಸಬಹುದು, ಅಲ್ಲಾಡಿಸಲಿ. ಪಟ್ಟಿಯನ್ನು ಪಟ್ಟಿಯಲ್ಲಿದ್ದವರ ಕಡೆಯಿಂದ ಓದಿದ ಕಣ್ಣು ಅದು. ಆ ಪುಸ್ತಕವನ್ನು ಫುಲೆಯವರು ಅರ್ಪಿಸಿದ್ದು ಯಾರಿಗೆ? ಕರಿಯರ ಗುಲಾಮಗಿರಿಯನ್ನು ತೊಡೆದದ್ದಕ್ಕಾಗಿ ಅಮೆರಿಕದ ಜನತೆಗೆ! ಸರಿಯಾಗಿ 104 ವರ್ಷಗಳಾದ ಮೇಲೆ ಅದೇ ಅಮೆರಿಕದಿಂದ ರಾಕ್ಷಸ ಹುಲಿಮುಖ ಹೊತ್ತು, 'ವ್ಯವಸ್ಥಿತ ದುಷ್ಟ' ಎಂಬ ಚೀಟಿ ಅಂಟಿಸಿಕೊಂಡು ಬಂದ. ವ್ಯವಸ್ಥಿತ ದುಷ್ಟರು ಯಾರೆಂದು ನಾವು ಬೇರೆ ಹೆಸರುಗಳನ್ನು ಕೊಡಬಲ್ಲೆವು.

ನಾಗರ ಕತೆಯೂ ಇದೇ. ನಾಗರು ಮತ್ತು ದ್ರಾವಿಡರು ಒಂದೇ ಜನ ಎಂದು ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ವಾದಿಸಿದರು. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದ ಮರುದಿನ, ಬೌದ್ಧಧರ್ಮ ಹರಡಿದವರು ನಾಗ ಜನ, ಅದಕ್ಕೇ ಈ ಊರನ್ನು ಆರಿಸಿದೆ ಎಂದು ಭಾಷಣ ಮಾಡಿದರು. ರಾಕ್ಷಸಕೋಶದಲ್ಲಿ ನಾಗ ಎಂದರೆ ಮನುಷ್ಯಮುಖದ ಹಾವು, ಮೂರು ತಳಿ. 1980ರಲ್ಲಿ ದೇವರುಗಳ ಪುಸ್ತಕವೂ ಬಂತು. ಅದರಲ್ಲಿ ಇಂದ್ರ, ಅಗ್ನಿ, ವರುಣ, ಯಮ ಎಲ್ಲರಿಗೂ ಎಷ್ಟು ಏಟಿಗೆ ಸಾಯುತ್ತಾರೆ ಎಂಬ ಅಂಕಿ ಕೊಟ್ಟಿದ್ದಾರೆ. ಆ ಧೈರ್ಯಕ್ಕೆ ಮೆಚ್ಚಬೇಕು. ಆದರೆ ದೇವರಿಗೆ ಒಬ್ಬೊಬ್ಬನಿಗೂ ಹೆಸರಿದೆ. ರಾಕ್ಷಸನಿಗೆ ಹೆಸರಿಲ್ಲ, ಜಾತಿ ಮಾತ್ರ.

ಹಾಗಾದರೆ ಗುಹೆಯೊಳಗಿನ ಮಕ್ಕಳು? ನಮ್ಮ ಗೆಳೆಯನ ಪ್ರಶ್ನೆಗೆ ಇದು ತೀರಾ ಹತ್ತಿರದ್ದು. ಗಡಿಯ ಕೋಟೆ ಎಂಬ ಹಳೆಯ ಕಥಾನಕವೊಂದಿದೆ, ಲಕ್ಷಾಂತರ ಹುಡುಗರು ಅದರಿಂದಲೇ ಆಟ ಕಲಿತರು. ಅದರ ಗುಹೆಗಳಲ್ಲಿ ಕೋಬಾಲ್ಡ್, ಆರ್ಕ್ ಹೆಂಗಸರು, ಮಕ್ಕಳು ಎಷ್ಟೆಷ್ಟು ಅಂತ ಲೆಕ್ಕ ಬರೆದಿದೆ; ಮಕ್ಕಳು ಹೊಡೆದಾಡುವುದಿಲ್ಲ ಅಂತಲೂ ಬರೆದಿದೆ. ಏನು ಮಾಡಬೇಕೆಂದು ಬರೆದಿಲ್ಲ. ಮೇಜುಮೇಜಿನಲ್ಲಿ ಇದರ ಮೇಲೆ ಜಗಳಗಳಾಗಿವೆ, ಅದು ಆಡುವವರ ಮರ್ಯಾದೆ. ಧರ್ಮಯೋಧನ ಪಾತ್ರದವನು ಶರಣಾದವರನ್ನು ಕೊಲ್ಲಬಹುದೇ ಎಂದು 2005ರಲ್ಲಿ ಅಭಿಮಾನಿಗಳು ಕೇಳಿದಾಗ ಗೈಗ್ಯಾಕ್ಸ್ ಅದನ್ನು ಸಮರ್ಥಿಸಿದ. ಸಮರ್ಥಿಸುತ್ತಾ ಎತ್ತಿದ್ದು ಕರ್ನಲ್ ಚಿವಿಂಗ್ಟನ್ ಹೆಸರಿನಲ್ಲಿ ಓಡಾಡುವ ಮಾತನ್ನು: ಸೀರೇ ನಾಳೆ ಹೇನಾಗುವುದು. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಬೀಡುಬಿಟ್ಟಿದ್ದ ಶೈಯೆನ್ ಮತ್ತು ಅರಾಪಹೊ ಜನರ ಮೇಲೆ ಬಿದ್ದ ಸೈನ್ಯದ ನಾಯಕ ಈ ಚಿವಿಂಗ್ಟನ್. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆರ್ಕ್ ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವಾಗ ಅವನ ಕೈ ಹೋದದ್ದು ಅಲ್ಲಿಗೆ. ಇದನ್ನು ಬರೆಯುವಾಗ ನಮಗೆ ಕೀಳ್ವೆಣ್ಮಣಿ ನೆನಪಾಗುತ್ತದೆ, 1968. ಅಲ್ಲಿಯೂ ಗುಡಿಸಲೊಳಗೆ ಮಕ್ಕಳಿದ್ದರು.

ಬೇರೆ ದಾರಿ ಇರಲಿಲ್ಲವೆಂದಲ್ಲ. 1978ರಲ್ಲೇ ರೂನ್‌ಕ್ವೆಸ್ಟ್ ಎಂಬ ಇನ್ನೊಂದು ಆಟ ಮನುಷ್ಯನನ್ನು ಅಳೆಯುವ ಗುಣಗಳಿಂದಲೇ ಟ್ರಾಲ್‌ನನ್ನೂ ಅಳೆಯಿತು. ಯಾರು ಬೇಕಾದರೂ ಟ್ರಾಲ್ ಆಗಿ ಆಡಬಹುದಿತ್ತು. 1982ರಲ್ಲಿ ಟ್ರಾಲ್‌ಗಳ ಊಟ, ದೇವರು, ಚರಿತ್ರೆಗಳ ಮೇಲೆ ಒಂದು ಪೆಟ್ಟಿಗೆಯನ್ನೇ ತಂದರು. ಅದು ಸಾಧ್ಯವಿತ್ತು, ಅದೇ ಕಾಲದಲ್ಲಿ, ಅದೇ ದೇಶದಲ್ಲಿ.

ಡಂಜನ್ಸ್ ಅಂಡ್ ಡ್ರಾಗನ್ಸ್ ಕೂಡ ಬದಲಾಯಿತು. 1997ರಲ್ಲಿ ಅದು ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿಯ ಕೈಗೆ ಹೋಯಿತು. 2000ದಲ್ಲಿ ಏಣಿಯ ಮಿತಿ ತೆಗೆದರು. ಜೀವಿಗಳನ್ನೆಲ್ಲ ವಿಧಗಳಾಗಿ ಹಂಚಿದರು; 2014ರ ಆವೃತ್ತಿಯಲ್ಲಿ ವಿಧಗಳು 14, ಅದರಲ್ಲಿ ಮಾನವಾಕಾರಿ ಒಂದು, ಮನುಷ್ಯನೂ ಆರ್ಕೂ ಅದರೊಳಗೇ. ಆದರೆ 2016ರಲ್ಲಿ ಆರ್ಕ್ ಆಗಿ ಆಡುವ ನಿಯಮ ಬಂದಾಗ ಬುದ್ಧಿಯಲ್ಲಿ ಎರಡು ಅಂಕ ಕಡಿತ ಮಾಡಿಯೇ ಕೊಟ್ಟರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ಮೇಲೆ ಅಮೆರಿಕ ಹೊತ್ತಿ ಉರಿದಾಗ ಕಂಪೆನಿ ಹೇಳಿಕೆ ಕೊಟ್ಟಿತು, ಆರ್ಕ್‌ಗಳನ್ನೂ ಕಪ್ಪು ಎಲ್ಫ್‌ಗಳನ್ನೂ ಚಿತ್ರಿಸಿದ ರೀತಿ ನಿಜವಾದ ಜನರನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆ ಎಂದು ಒಪ್ಪಿಕೊಂಡಿತು. ಬುದ್ಧಿಯ ಕಡಿತ ಹೋಯಿತು. ಎರಡೇ ವರ್ಷ, 2022ರಲ್ಲಿ ಕೋತಿಯಂಥ ಹಾಡೋಜಿ ಎಂಬ ಜೀವಿಗೆ ಗುಲಾಮಗಿರಿಯ ಪೂರ್ವಕತೆ ಬರೆದು, ಮತ್ತೆ ಕ್ಷಮೆ ಕೇಳಿ, ಅಳಿಸಬೇಕಾಯಿತು. 2024ರಲ್ಲಿ ಜನಾಂಗ ಎಂಬ ಪದ ತೆಗೆದು ಪ್ರಭೇದ ಎಂಬ ಪದ ಹಾಕಿದರು. ಅವರಿಗೆ ಇದು ಮುಂದಿನ ಹೆಜ್ಜೆ ಅನ್ನಿಸಿರಬಹುದು. ನಮಗೆ ಅನುಮಾನ. ಜನಾಂಗ ಅಂದರೆ ಕಡೆಗೂ ಮನುಷ್ಯರೊಳಗಿನ ಮಾತು. ಪ್ರಭೇದ ಅಂದರೆ ಆನೆ ಬೇರೆ, ಕುದುರೆ ಬೇರೆ. ಅದೇ ಪುಸ್ತಕದಲ್ಲಿ ಅರೆ-ಆರ್ಕ್ ಮತ್ತು ಅರೆ-ಎಲ್ಫ್ ಇಬ್ಬರೂ ಕಾಣೆಯಾದರು. ಆರ್ಕ್ ಮಾತ್ರ ಆಡುವವರ ಸಾಲಿಗೆ ಬಂದು ಕೂತ.

2025ರ ರಾಕ್ಷಸಕೋಶದಲ್ಲಿ ಇನ್ನೊಂದು ಸಲ ಗುಡ್ಡೆ ಬದಲಾಯಿತು. ಗಾಬ್ಲಿನ್ ಈಗ ಯಕ್ಷಿಣಿ ಲೋಕದವನು, ಕೋಬಾಲ್ಡ್ ಡ್ರಾಗನ್ ವಿಧಕ್ಕೆ ಸೇರಿದ, ನೋಲ್ ಪಿಶಾಚಿಯಾದ. ಮಾನವಾಕಾರಿಗಳನ್ನು ಸುಮ್ಮಸುಮ್ಮನೆ ಕೊಲ್ಲುವ ಆಟ ಎಂಬ ಅಪವಾದ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ, ಯಾಕೆಂದರೆ ಅವರು ಈಗ ಮಾನವಾಕಾರಿಗಳೇ ಅಲ್ಲ. ಚಾರ್ಮ್ ಪರ್ಸನ್ ಮಂತ್ರ ಈಗಲೂ ಇದೆ. ಅದು ಮಾನವಾಕಾರಿಗಳಿಗೆ ಮಾತ್ರ ತಾಗುತ್ತದೆ. 1974ರಲ್ಲಿ ಮರುಳಾಗುವಷ್ಟಾದರೂ ವ್ಯಕ್ತಿಯಾಗಿದ್ದ ಗಾಬ್ಲಿನ್‌ಗೆ ಈಗ ಆ ಮಂತ್ರ ತಾಗುವುದಿಲ್ಲ.

ರಾಕ್ಷಸ ಎಲ್ಲೂ ಕದಲಿಲ್ಲ. ಪಿಶಾಚಿಗಳ ಗುಡ್ಡೆಯಲ್ಲಿ, ಹುಲಿಮುಖದಲ್ಲಿ, ವ್ಯವಸ್ಥಿತ ದುಷ್ಟನಾಗಿಯೇ ಇದ್ದಾನೆ. ಬರುವ ಶನಿವಾರ ಬೆಂಗಳೂರಿಗೆ ಹೋಗುವಾಗ ಅವನ ಪಾತ್ರವನ್ನೇ ಆಡುತ್ತೇವೆಂದು ಗೆಳೆಯನಿಗೆ ಹೇಳಿ ಕಳಿಸಿದ್ದೇವೆ. ಪುಸ್ತಕದಲ್ಲಿ ಅದಕ್ಕೆ ಅವಕಾಶವಿಲ್ಲವಂತೆ, ಆದರೂ ಏನಾದರೂ ಮಾಡೋಣ ಬನ್ನಿ ಅಂದಿದ್ದಾನೆ. ಹೆಸರು ಏನಿಡಬೇಕು ಅಂತ ನಮ್ಮನಮ್ಮಲ್ಲೇ ಇನ್ನೂ ಜಗಳ ನಡೆಯುತ್ತಿದೆ.